ರಫೀಕ್ ಅಂಕಲ್ ಹಾಕಿದ ಒಂದು ಓಟು

ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕಬೇಕು ಎಂಬುದನ್ನು ಇಲ್ಲಿ ಊರಿನವರು ಓಟು ಹಾಕಿ ತೀರ್ಮಾನಿಸುತ್ತಾರೆ. ಶಿಕಾಗೊ ಪಕ್ಕದ ಈ ಸಣ್ಣ ಊರಿಗೆ ಬಂದ ಹೊಸದರಲ್ಲಿ ಇದನ್ನು ಕೇಳಿ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ನಮ್ಮ ತುಮಕೂರಿನಲ್ಲಿ ಅಂಗಡಿಯವನಿಗೆ ನಿದ್ದೆ ಬಂದರೆ ಬಾಗಿಲು ಬೀಳುತ್ತದೆ. ಬರದಿದ್ದರೆ ಬೀಟಿನ ಪೊಲೀಸಿನವನು ಬಂದು ಷಟರಿಗೆ ಲಾಠಿ ಬಡಿಯುತ್ತಾನೆ. ಇದರಲ್ಲಿ ಓಟಿಗೇನು ಕೆಲಸ?

ಈಗ ತಮಾಷೆ ಅನ್ನಿಸುವುದಿಲ್ಲ. ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ. ವಕೀಲರಿಗೂ ಹಾಗೇ ಬರೆದುಕೊಟ್ಟಿದ್ದೇನೆ.

ರಫೀಕ್ ಅಂಕಲ್ ಗದಗಿನವರು. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯಲ್ಲಿ ಅವರ ದಿನಸಿ ಅಂಗಡಿ. ನನ್ನ ಗಂಡನ ಕೆಲಸ ಡೆಸ್ ಪ್ಲೇನ್ಸಿನಲ್ಲಿ; ನನ್ನ ವೀಸಾದಲ್ಲಿ ನಾನು ಕೆಲಸ ಮಾಡುವಂತಿರಲಿಲ್ಲ. ನಮ್ಮವರ ಅಂಗಡಿಗಳೇ ತುಂಬಿರುವ ಡೆವನ್ ಅವೆನ್ಯೂವರೆಗೆ ಹೋಗಲು ಆಗ ಡ್ರೈವಿಂಗ್ ಬರುತ್ತಿರಲಿಲ್ಲ. ಒಂದು ದಿನ ಅವರ ಅಂಗಡಿಯಲ್ಲಿ ರಾಗಿ ಹಿಟ್ಟು ಹುಡುಕುತ್ತ ನನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದೆ. ಹಿಂದಿನಿಂದ, "ಯಾವೂರಾತು ತಂಗಿ?" ಎಂದು ಕೇಳಿಸಿತು. ಅಲ್ಲೇ ಕಣ್ಣು ತುಂಬಿ ಬಂತು. ಅಂದಿನಿಂದ ಮಧ್ಯಾಹ್ನಗಳನ್ನು ಅವರ ಹೆಂಡತಿ ಜುಬೇದಾ ಆಂಟಿಯ ಪಕ್ಕ ಸ್ಟೂಲಿನ ಮೇಲೆ ಕೂತು ಕಳೆಯತೊಡಗಿದೆ.

ಊರಿನ ನಿಯಮದಂತೆ ಅಂಗಡಿಗಳು ಒಂಬತ್ತಕ್ಕೆ ಮುಚ್ಚಬೇಕಿತ್ತು. ಎಲ್ಕ್ ಗ್ರೋವ್‌ನ ಗೋದಾಮುಗಳಲ್ಲಿ ಸಂಜೆ ಪಾಳಿ ಮುಗಿಸಿ ಬರುವವರು ಮುಚ್ಚಿದ ಬಾಗಿಲು ನೋಡಿಕೊಂಡು ಹೋಗುತ್ತಿದ್ದರು. ಹನ್ನೊಂದರವರೆಗೆ ತೆರೆದಿಡಲು ಬಿಡಬೇಕೇ ಎಂಬ ಪ್ರಶ್ನೆಯನ್ನು ಸ್ಥಳೀಯ ಚುನಾವಣೆಯ ಜೊತೆ ಮತದಾರರ ಮುಂದಿಟ್ಟರು. ಮನೆಗಳ ಮುಂದಿನ ಹುಲ್ಲಿನಲ್ಲಿ ಫಲಕಗಳು ಎದ್ದವು: ‘ನಮ್ಮ ರಾತ್ರಿಗಳನ್ನು ಕಾಪಾಡಿ.’ ಯಾರಿಂದ ಎಂದು ಬರೆದಿರಲಿಲ್ಲ. ಹಾಲಿಗೆ ಬರುತ್ತಿದ್ದ ಕೆಲವರು ಬರುವುದು ಬಿಟ್ಟರು. ಒಬ್ಬ ಹೆಂಗಸು ಎಂದಿನಂತೆ ನಗುತ್ತಲೇ, "ಅಷ್ಟು ಹೊತ್ತಿನಲ್ಲಿ ಇಲ್ಲಿಗೆ ಯಾರು ಯಾರು ಬರುತ್ತಾರೋ, ನಮಗೆ ಹೇಗೆ ಗೊತ್ತಾಗಬೇಕು?" ಎಂದರು. ಅಂಕಲ್ ಚಿಲ್ಲರೆ ಕೊಟ್ಟು ಥ್ಯಾಂಕ್ ಯೂ ಎಂದರು.

ಮರುದಿನ ಅಂಕಲ್ ಜೇಬಿನಿಂದ ಓಟರ್ ಕಾರ್ಡ್ ತೆಗೆದು ತೋರಿಸಿದರು. ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸಲು ಹೋದಾಗ ಕಿಟಕಿಯ ಹಿಂದಿದ್ದವರು, ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕೇ ಎಂದು ಕೇಳಿದ್ದರಂತೆ. ಇವರು ಯೆಸ್ ಎಂದು, ಬೆರಳು ತೋರಿಸಿದ ಕಡೆಯೆಲ್ಲ ಗುರುತು ಮಾಡಿ ಸಹಿ ಹಾಕಿದ್ದರು. ಕಾರ್ಡು ಟಪಾಲಿನಲ್ಲಿ ಮನೆಗೇ ಬಂದಿತ್ತು.

"ನೀವ್ಯಾವಾಗ ಸಿಟಿಜನ್ ಆದ್ರಿ? ಗ್ರೀನ್ ಕಾರ್ಡ್ ಇಟಗೊಂಡು ಓಟು ಹಾಕಾಕ ಹೊಂಟಾರ ನೋಡು ಸಾಹೇಬ್ರು!" ಎಂದು ಆಂಟಿ ಕಿಚಾಯಿಸಿದರು.

"ನಾ ಏನು ಪ್ರೆಸಿಡೆಂಟ್‌ನ ಆರಸಾಕ ಹೊಂಟೇನೇನ? ಅಂಗಡಿ ಬಾಗ್ಲದ ಮಾತಿದು. ಲಿಸ್ಟಿನ್ಯಾಗ ಹೆಸರು ಹಚ್ಚಿ, ಮನೀತನಕ ಕಾರ್ಡ್ ಕಳಸ್ಯಾರ. ಹಕ್ಕಿಲ್ದ ಕಳಸ್ತಾರೇನ? ಹೌದಿಲ್ಲೋ ತಂಗಿ?"

"ಹೌದಲ್ವಾ ಅಂಕಲ್, ಲಿಸ್ಟಲ್ಲಿ ಹೆಸರಿದೆಯಲ್ಲ" ಎಂದೆ ನಾನು.

ನಮ್ಮಲ್ಲಿ ಜನ ಬಿಸಿಲಿನಲ್ಲಿ ನಿಂತು ಪಟ್ಟಿಯಲ್ಲಿ ಹೆಸರು ಹುಡುಕುತ್ತಾರೆ. ಇದ್ದರೆ ಮುಗಿಯಿತು, ಇಲ್ಲದಿದ್ದರೆ ಜಗಳ. ಹೆಸರು ಸೇರಿಸುವ ಮೊದಲು ನೋಡುವುದೆಲ್ಲವನ್ನೂ ಸರ್ಕಾರ ನೋಡಿಯೇ ಇರುತ್ತದೆ ಎಂದು ನಂಬಿ ಬೆಳೆದವರು ನಾವು. ಇಲ್ಲಿ ಸರ್ಕಾರ ನೀವು ಪೌರರೇ ಎಂದು ಅರ್ಜಿಯಲ್ಲಿ ಕೇಳುತ್ತದೆ, ನೀವು ಹೇಳಿದ್ದನ್ನು ನಂಬುತ್ತದೆ, ಕಾರ್ಡು ಕೊಡುತ್ತದೆ. ಆ ಉತ್ತರ ಸರಿಯೇ ಎಂದು ಬೇರೆ ಯಾರೋ, ಬೇರೆ ಎಲ್ಲೋ, ಮುಂದೊಂದು ದಿನ ಕೇಳುತ್ತಾರೆ. ನಮಗಿದು ಗೊತ್ತಿರಲಿಲ್ಲ.

ಚುನಾವಣೆಯ ದಿನ ಅಂಕಲ್ ಜೊತೆ ನಾನೂ ಶಾಲೆಯವರೆಗೆ ನಡೆದುಕೊಂಡು ಹೋದೆ. ಇಲ್ಲಿ ಹೇಗೆ ಓಟು ಹಾಕುತ್ತಾರೆಂದು ನೋಡುವ ಆಸೆ. ಅಂಕಲ್ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಮೇಜಿನ ಹಿಂದಿದ್ದ ಮುದುಕ ಹೆಸರು ಹುಡುಕಿ, ನಕ್ಕು, ಮತಪತ್ರ ಕೊಟ್ಟ. ಓಟು ಹಾಕಿ ಬಂದ ಅಂಕಲ್ ಎಡಗೈ ಮುಂದೆ ಚಾಚಿ ನಿಂತರು. ಮುದುಕನಿಗೆ ಅರ್ಥವಾಗಲಿಲ್ಲ. ಶಾಯಿ ಹಚ್ಚಲಿ ಎಂದು ನಿಂತಿದ್ದಾರೆಂದು ನಾನು ವಿವರಿಸಿದೆ. ಅವನು ನಗುತ್ತ ಆ ಕೈ ಕುಲುಕಿದ.

ತೆರೆದಿಡುವ ಪಕ್ಷವೇ ಗೆದ್ದಿತು. ಆಂಟಿ ಶಾವಿಗೆ ಪಾಯಸ ಮಾಡಿದರು.

ಎರಡು ವರ್ಷದ ನಂತರ ಅಂಕಲ್ ಪೌರತ್ವಕ್ಕೆ ಅಪ್ಲೈ ಮಾಡಿದರು. ಸಂದರ್ಶನಕ್ಕೆ ಶಿಕಾಗೊವರೆಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಹೈವೇಯಲ್ಲಿ ಅಷ್ಟು ದೂರ ಹೋಗಿದ್ದು ಅದೇ ಮೊದಲು. ಹೆಮ್ಮೆಯಿಂದ ಹೊರಗೆ ಕಾಯುತ್ತಿದ್ದೆ. ಅಂಕಲ್ ನಿಧಾನವಾಗಿ ಬಂದು ಕಾರಿನಲ್ಲಿ ಕೂತರು. ಬೆಲ್ಟ್ ಹಾಕಿಕೊಳ್ಳಲಿಲ್ಲ.

"ಯಾವಾಗರ ಓಟು ಹಾಕೀರೇನು ಅಂತ ಕೇಳಿದ್ರು. ಹೂಂ, ಹಾಕೇನ್ರಿ ಅಂದೆ. ಖುಷಿ ಪಡ್ತಾರ ಅನಕೊಂಡಿದ್ದೆ ತಂಗಿ. ಪೆನ್ನು ಕೆಳಗಿಟ್ಟು ನನ್ನ ಮಾರಿ ನೋಡಿದ್ರು."

ಪೌರನಲ್ಲದವನು ಓಟು ಹಾಕುವುದು ಅಪರಾಧ ಎಂದರು ವಕೀಲರು. ಅಂಗಡಿಯ ಮಾತಾದರೂ ಅಷ್ಟೇ, ಅಧ್ಯಕ್ಷರ ಮಾತಾದರೂ ಅಷ್ಟೇ. ದೇಶ ಬಿಡಿಸಬಹುದು. ಕೆಲವು ತಿಂಗಳಲ್ಲಿ ಇಮಿಗ್ರೇಶನ್ ನ್ಯಾಯಾಧೀಶರ ಮುಂದೆ ಬರಬೇಕೆಂದು ನೋಟಿಸ್ ಬಂತು. ಅಂಗಡಿ ಹನ್ನೊಂದರವರೆಗೆ ತೆರೆದೇ ಇರುತ್ತದೆ. ಬಾಗಿಲ ಗಂಟೆ ಸದ್ದಾದಾಗಲೆಲ್ಲ ಆಂಟಿ ಮೊದಲು ಬಂದವರ ಮೈಮೇಲೆ ಸಮವಸ್ತ್ರವಿದೆಯೇ ಎಂದು ನೋಡುತ್ತಾರೆ, ಆಮೇಲೆ ಮುಖ.

ಸಾಕ್ಷಿಯಾಗಿ ನಾನು ಹೇಳಿಕೆ ಬರೆದುಕೊಡಬೇಕಾಯಿತು. ಇವರ ಬದುಕು ಇಲ್ಲಿ ಹೇಗೆ ಬೇರೂರಿದೆ ಎಂದು ಬರೆಯಿರಿ, ಅಲ್ಲಿನದು ಬೇಡ ಎಂದಿದ್ದರು ವಕೀಲರು. ಹಿಮ ಬಿದ್ದಾಗ ಅಂಕಲ್ ಪಕ್ಕದವರ ಕಾಲುದಾರಿಯ ಹಿಮವನ್ನೂ ತೆಗೆದುಕೊಡುವುದನ್ನು ಬರೆದೆ. ಗದಗಿನಲ್ಲಿರುವ ಅವರ ಅಕ್ಕನ ವಿಷಯ ಬರೆಯಲಿಲ್ಲ. ಸಹಿ ಹಾಕುವ ಮೊದಲು, ಅಂಗಡಿಯಲ್ಲಿ ಕೂತು ಇಡೀ ಹೇಳಿಕೆಯನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ.

"ಎಲ್ಲಾ ಖರೇನ ಬರದಿ" ಎಂದರು. ಆಮೇಲೆ, "ಊರಿಗೆ ಹೋಗ್ಬೇಕು, ಊರಿಗೆ ಹೋಗ್ಬೇಕು ಅಂತ ಪ್ರತಿ ಹಬ್ಬಕ್ಕ ಇಕಿ ಮುಂದ ಅತ್ತೇನಿ. ಈಗ ಊರಿಗೆ ಕಳಸ್ತೇವಿ ಅಂದ್ರ ಅಂಜಿ ಕುಂತೇನಿ ನೋಡು."

ಆಂಟಿ ಬೇಳೆ ಪೊಟ್ಟಣಗಳನ್ನು ಮತ್ತೆ ಸಾಲಾಗಿ ಜೋಡಿಸತೊಡಗಿದರು.

ವಿಚಾರಣೆ ಇನ್ನೂ ಮುಗಿದಿಲ್ಲ. ಭಾನುವಾರ ತುಮಕೂರಿನಿಂದ ಅಮ್ಮ ಫೋನ್ ಮಾಡಿ, "ಯಾವಾಗ್ ಬರ್ತೀಯೇ?" ಎಂದು ಕೇಳುತ್ತಾಳೆ. ಹಿಂದೆ ಆ ಪ್ರಶ್ನೆಗೆ ಬಾಯಿ ತುಂಬ ಉತ್ತರ ಕೊಡುತ್ತಿದ್ದೆ. ಈಗ ಮೊದಲು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿ ಬರುತ್ತೇನೆ.