ಮಾಣಿಕಪ್ಪ ಹಲ್ಲು ಕಟ್ಟಿಸಲಿಲ್ಲ

ಮಾಣಿಕಪ್ಪನವರ ಬಾಯಲ್ಲಿ ಮುಂದಿನ ಹಲ್ಲು ಒಂದೂ ಇರಲಿಲ್ಲ. ‘ಸ್ಥಿರ ವಿದ್ಯುತ್’ ಎನ್ನಲು ಹೋದರೆ ಅರ್ಧ ಗಾಳಿ, ಅರ್ಧ ಉಗುಳು. ಶಹರದ ವಿಜ್ಞಾನ ಮ್ಯೂಸಿಯಮ್ಮಿನಲ್ಲಿ ನಾವಿಬ್ಬರೂ ಮಕ್ಕಳಿಗೆ ಪ್ರಯೋಗ ತೋರಿಸುವವರು. ನಕ್ಕ ಹುಡುಗರನ್ನು ಅವರು ಮುಂದಕ್ಕೆ ಕರೆದು, ಕೂದಲು ನೆಟ್ಟಗೆ ನಿಲ್ಲಿಸುವ ವಿದ್ಯುತ್ ಗೋಳದ ಮೇಲೆ ಕೈ ಇಡಿಸುತ್ತಿದ್ದರು. “ಈಗ ನಗು ಮಗನ! ನಿನ್ನ ಕೂದಲ ನೋಡಿ ನಾ ನಗ್ತೀನಿ.” ಮಹಾ ಮುಂಗೋಪಿ, ಸಿಟ್ಟಿನಲ್ಲಿ ತೆಲುಗು ಮರೆತು ಕನ್ನಡವೇ ಬರುತ್ತಿತ್ತು. ಆದರೆ ಬುತ್ತಿ ಬಿಚ್ಚಿದರೆ ಮೊದಲ ರೊಟ್ಟಿ ನನಗೆ. ತಮ್ಮದನ್ನು ಬೇಳೆಯಲ್ಲಿ ನೆನೆಸಿ ನುಂಗುತ್ತಿದ್ದರು. ನಾನು ತಾಂಡೂರಿನವಳು, ಅವರು ನಾರಾಯಣಖೇಡ ಕಡೆಯವರು. ಆ ಕಟ್ಟಡದಲ್ಲಿ ಕನ್ನಡ ಮಾತಾಡಲು ನಮಗೆ ನಾವೇ ಗತಿ.

ಮ್ಯೂಸಿಯಮ್ಮಿನ ಸಾಹೇಬರು ಹಲ್ಲು ಕಟ್ಟಿಸಿಕೊಡುತ್ತೇನೆಂದರೂ ಮಾಣಿಕಪ್ಪ ಒಪ್ಪಲಿಲ್ಲ. ಒಮ್ಮೆ ಮ್ಯೂಸಿಯಮ್ಮಿನ ವ್ಯಾನಿನಲ್ಲಿ ಹಳ್ಳಿ ಶಾಲೆಗಳಿಗೆ ಹೊರಟಾಗ, ಜಹೀರಾಬಾದಿನ ಚಹಾದಂಗಡಿಯಲ್ಲಿ ಕಾರಣ ಕೇಳಿದೆ.

“ಊರಾಗ ಒಂದ್ ಹುಡುಗಿಗಿ ಮೂರ್ಛಿ ಬಂತು. ನಾ ಭಾನಾಮತಿ ಮಾಟ ಮಾಡೀನಂದ್ರು. ಬೇವಿನ ಗಿಡಕ್ಕ ಕಟ್ಟಿ, ಬಡಿಗ್ಯಾನ ಇಕ್ಕಳ ತಂದು ಹಲ್ಲ ಕಿತ್ತರು. ಹಲ್ಲ ಇಲ್ದವಗ ಮಂತ್ರ ಹೊರಡಂಗಿಲ್ಲಂತ.” ಚಹಾ ಊದಿದರು. “ಹಲ್ಲ ಕಟ್ಟಿಸ್ಕೊಂಡ್ರ ಕಿತ್ತವ್ರಿಗಿ ಮರಿಯಾಕ ಸಸಾರ ಆಗ್ತದ.”

ಚಹಾದ ದುಡ್ಡು ಕೊಟ್ಟು ವ್ಯಾನ್ ಹತ್ತಿದೆವು.

ಅವತ್ತೇ ಮಧ್ಯಾಹ್ನ, ಗಡಿಯ ಒಂದು ಊರಿನಲ್ಲಿ ಪ್ರಯೋಗ ಮುಗಿಸಿ ಹೊರಬಂದರೆ, ಜನ ಒಬ್ಬ ಮುದುಕಿಯನ್ನು ಕೂದಲು ಹಿಡಿದು ಎಳೆದು ತರುತ್ತಿದ್ದರು. ಯಾರದೋ ಎಮ್ಮೆ ಸತ್ತಿತ್ತಂತೆ, ಅವಳ ಮಾಟವಂತೆ. ಕೆನ್ನೆ ಒಡೆದು ರಕ್ತ ಸೀರೆಗಿಳಿದಿತ್ತು. ಒಬ್ಬನ ಕೈಯಲ್ಲಿ ಇಕ್ಕಳ.

“ಯವ್ವಾ, ಆಕಿಗಿ ಗಾಡ್ಯಾಗ ಕೂಡಿಸು,” ಎಂದು ನನಗೆ ಹೇಳಿದವರೇ ಮಾಣಿಕಪ್ಪ ಗುಂಪಿಗೆ ನುಗ್ಗಿ ಇಕ್ಕಳದವನ ಮೂಗಿಗೆ ಗುದ್ದಿದರು. ಆ ಮೂಗು ಒಡೆದದ್ದು ನನಗೆ ಇಂದಿಗೂ ಸಮಾಧಾನ. ಆಮೇಲೆ ಬಾಯಿ ಅಗಲಿಸಿ ಬೋಳು ವಸಡು ತೋರಿಸಿದರು. “ನೋಡ್ರೋ! ನನ್ನವು ನಿಮ್ಮಂಥವ್ರೇ ಕಿತ್ಯಾರ!” ಜೇಬಿನಿಂದ ನಿಂಬೆಹಣ್ಣು, ದಾಸವಾಳದ ರಸ ಸವರಿದ ಚೂರಿ ತೆಗೆದರು. ದಿನಾ ಮಕ್ಕಳಿಗೆ ತೋರಿಸುವ ಪ್ರಯೋಗ. ಹುಳಿ ತಾಗಿದರೆ ಆ ರಸ ಕೆಂಪಾಗುತ್ತದೆ, ಅಷ್ಟೇ. ಕೊಯ್ದರು. ನಿಂಬೆಯಿಂದ ಕೆಂಪು ಸುರಿಯಿತು. “ಹಲ್ಲಿಲ್ಲ, ಮಂತ್ರ ಇಲ್ಲ, ಮತ್ತ ರಕ್ತ ಹೆಂಗ ಬಂತು? ಹೇಳ್ರಿ!”

ಅವರು ದಾಸವಾಳದ ಗುಟ್ಟು ಬಿಡಿಸುವುದರೊಳಗೆ ಯಾರೋ ಕೂಗಿದರು: “ಇವನೇ ಮಾಡ್ಯಾನ! ಹಲ್ಲ ಕಿತ್ರೂ ಇವನ ಮಂತ್ರ ಸತ್ತಿಲ್ಲ!”

ಗುಂಪು ಮುದುಕಿಯನ್ನು ಬಿಟ್ಟು ಅವರ ಮೇಲೆ ಬಿತ್ತು. ನಾನೂ ಡ್ರೈವರೂ ಅವಳನ್ನು ವ್ಯಾನಿಗೆ ಎತ್ತಿ ಹಾಕುವಾಗ, ಬಡಿಗೆ ತಲೆಗೆ ಬೀಳುವ ಸದ್ದು ಕೇಳುತ್ತಿತ್ತು. ಡ್ರೈವರ್ ಹಾರ್ನ್ ಒತ್ತುತ್ತಲೇ ಗಾಡಿಯನ್ನು ಗುಂಪಿನೊಳಗೆ ನುಗ್ಗಿಸಿದ. ಜನ ಚದುರಿದಾಗ ಮಾಣಿಕಪ್ಪನವರನ್ನು ಎತ್ತಿಕೊಂಡೆವು.

ಅವರ ತಲೆ ನನ್ನ ತೊಡೆಯ ಮೇಲಿತ್ತು. ಸೀರೆಯ ಸೆರಗು ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ.

“ಆಕಿನ ಹಲ್ಲ?” ಎಂದರು.

“ಎಲ್ಲಾ ಅವ, ಕಾಕಾ. ಒಂದೂ ಹೋಗಿಲ್ಲ.”

ಮುದುಕಿ ಅವರತ್ತ ಬಗ್ಗಿ ಬಾಯಿ ತೆರೆದು ತೋರಿಸಿದಳು. ತಂಬಾಕಿನಿಂದ ಕರಿಗಟ್ಟಿದ ಹಲ್ಲು. ಮಾಣಿಕಪ್ಪ ನೋಡಿದರು. “ಬರೋಬ್ಬರಿ ಅವ,” ಎಂದರು.

ಜಹೀರಾಬಾದ್ ಮುಟ್ಟುವ ಮುಂಚೆಯೇ ಅವರ ಉಸಿರು ನಿಂತಿತು. ಮುದುಕಿ ಇನ್ನೂ ಬಾಯಿ ತೆರೆದೇ ಕೂತಿದ್ದಳು.