ಹಿಂದಿನ ಸಾಲಿನ ಒತ್ತು

ಕೊಗ್ಗ ಶೇರಿಗಾರನಿಗೆ ಪ್ಯಾಟ್ರಿಷಿಯಾ ಮೇಡಂ ಕಂಡರೆ ಆಗುತ್ತಿರಲಿಲ್ಲ. ಮೇಡಂಗೂ ಕೊಗ್ಗಣ್ಣನ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತೆಂದು ಯಾರೂ ಹೇಳಲಾರರು. ಎಣ್ಣೆಬಾವಿಗಳಿಗೆ ಪೈಪು, ವಾಲ್ವು, ಪಂಪು ಒದಗಿಸುವ ಮಸ್ಕತ್ತಿನ ಒಂದು ಕಂಪನಿಯಲ್ಲಿ ಇಬ್ಬರಿಗೂ ಕೆಲಸ. ಇವನು ಹದಿನೆಂಟು ವರ್ಷದ ಸ್ಟೋರ್ ಕೀಪರ್. ಆಕೆ ನೌಕರರ ವಿಭಾಗದ ಮುಖ್ಯಸ್ಥೆ, ಇಂಗ್ಲೆಂಡಿನ ಶೆಫೀಲ್ಡಿನವಳು, ಅರವತ್ತರ ಹತ್ತಿರ ವಯಸ್ಸು, ಬಾಯಿ ಬಿಟ್ಟರೆ ಚಾಟಿಯೇಟು.

ಅದು 2016. ನೂರು ಡಾಲರ್ ದಾಟಿ ಮೆರೆಯುತ್ತಿದ್ದ ಎಣ್ಣೆ ಮೂವತ್ತಕ್ಕೆ ಇಳಿದು, ಯಾವ ಕಂಪನಿಯಲ್ಲಿ ಯಾವ ಗುರುವಾರ ಯಾರ ಹೆಸರು ಬರುತ್ತದೋ ಎಂದು ಜನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ವರ್ಷ. ಈ ಕಂಪನಿಯಲ್ಲಿ ಊರಿಗೆ ಹೋಗುವವರ ಪಟ್ಟಿ ಹೊರಡುತ್ತಿದ್ದದ್ದು ಪ್ಯಾಟ್ರಿಷಿಯಾಳ ಮೇಜಿನಿಂದ. ಕೊಗ್ಗಣ್ಣನ ಮಗಳು ದೀಕ್ಷಿತಾ ಆ ಏಪ್ರಿಲ್‌ನಲ್ಲಿ, ಅವರಿದ್ದ ದಾರ್ಸೈಟ್ ಬಡಾವಣೆಯ ಶಾಲೆಯಲ್ಲಿ, ಹನ್ನೆರಡನೇ ತರಗತಿಗೆ ಕಾಲಿಟ್ಟಿದ್ದಳು. ಅಪ್ಪನ ವೀಸಾ ಹೋದರೆ ಅವಳದ್ದೂ ಹೋಯಿತು. ಬರುವ ಮಾರ್ಚ್‌ನ ಪರೀಕ್ಷೆವರೆಗೆ ಹೇಗಾದರೂ ಕೆಲಸ ಉಳಿಯಬೇಕು, ಆಮೇಲೆ ಬೇಕಾದರೆ ಆಕಾಶ ಕಳಚಿ ಬೀಳಲಿ ಎಂಬುದು ಆ ಮನೆಯ ಏಕೈಕ ಪ್ರಾರ್ಥನೆ.

ಕೊಗ್ಗಣ್ಣನದ್ದು ಶೇರಿಗಾರ ಮನೆತನ, ಅಂದರೆ ದೇವಸ್ಥಾನದ ವಾದ್ಯದವರದ್ದು. ಕಾರ್ಕಳದ ಕಡೆಯ ಒಂದು ದೇವಸ್ಥಾನದಲ್ಲಿ ಅಜ್ಜ ನಾಗಸ್ವರ ನುಡಿಸಿದ, ಅಪ್ಪ ನಾಗಸ್ವರ ಬಿಟ್ಟು ಸ್ಯಾಕ್ಸೊಫೋನ್ ಹಿಡಿದ. ಆ ಮೇಳದಲ್ಲಿ ಒತ್ತು ಎಂದು ಒಂದು ವಾದ್ಯ ಇರುತ್ತದೆ. ಅದರಲ್ಲಿ ರಾಗ ಇಲ್ಲ, ತಾನ ಇಲ್ಲ, ಹಿಡಿದ ಒಂದೇ ಸ್ವರವನ್ನು ಮೊದಲಿಂದ ಕೊನೆವರೆಗೆ ಬಿಡದೆ ಊದುತ್ತ ಇರಬೇಕು. ಇನ್ನೂ ಕಲಿಯುವವನಿಗೆ ಅದು, ಇಲ್ಲವೇ ಎಂದೂ ಕಲಿಯಲಾರದವನಿಗೆ. ಕೊಗ್ಗಣ್ಣ ಏಳು ವರ್ಷ ಒತ್ತು ಊದಿ, ಕೆನ್ನೆ ನೋಯಿಸಿಕೊಂಡು, ಅಪ್ಪನ ಪಕ್ಕ ಸ್ಯಾಕ್ಸೊಫೋನ್ ಹಿಡಿದು ನಿಲ್ಲುವಷ್ಟಕ್ಕೆ ಬಂದವನು. ಆಮೇಲೆ ಒಮಾನಿಗೆ ಬಂದ. ಮೊದಲು ಇಬ್ರಾ ಎಂಬ ಊರಿನ ಹಾರ್ಡ್‌ವೇರ್ ಅಂಗಡಿ, ಕೆಲವು ತಿಂಗಳಲ್ಲೇ ಈ ಕಂಪನಿಯ ಸ್ಟೋರ್. ವಾದ್ಯ ಗಣೇಶ ಚೌತಿಗೆ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು, ಆದರೆ ತಾನು ಶೇರಿಗಾರ ಎಂಬ ಗತ್ತು ದಿನವೂ ಹೊರಗೇ ಇರುತ್ತಿತ್ತು.

ಇನ್ನು ಪ್ಯಾಟ್ರಿಷಿಯಾಳ ಹುಚ್ಚು. ಅವಳ ಊರು ಉಕ್ಕಿನ ಊರು. ಹಗಲೂ ರಾತ್ರಿ ಸುತ್ತಿಗೆ ಬಡಿಯುವ ಕಾರ್ಖಾನೆಗಳು, ಆ ಕಾರ್ಖಾನೆಯವರು ಸೇರಿ ಕಟ್ಟಿದ ಹಿತ್ತಾಳೆ ಬ್ಯಾಂಡುಗಳು. ಕುಲುಮೆಯ ಮುಂದೆ ದುಡಿದ ಗಂಡಸರು ಮುಖ ತೊಳೆದುಕೊಂಡು ಬಂದು ಸಾಲಾಗಿ ಕೂತು ಊದುತ್ತಿದ್ದರಂತೆ. ಚರ್ಚಿನವರು ಹಳೆಯ ಹಾಡುಗಳನ್ನು ಹೊರಗೆ ಹಾಕಿದಾಗ ಜನ ಅವನ್ನು ಹೆಂಡದಂಗಡಿಗೆ ಎತ್ತಿಕೊಂಡು ಹೋಗಿ, ಇವತ್ತಿಗೂ ಕ್ರಿಸ್‌ಮಸ್ ಸಮಯದಲ್ಲಿ ಅಲ್ಲೇ ಗ್ಲಾಸು ಹಿಡಿದು ಹಾಡುತ್ತಾರಂತೆ. ದೇವರ ಹಾಡನ್ನು ಸಾರಾಯಿ ಅಂಗಡಿಯಲ್ಲಿ ಹಾಡುವ ಜನರಿಂದ ತಾನು ಸಂಗೀತ ಕಲಿಯಬೇಕೇ ಎಂದು ಕೊಗ್ಗಣ್ಣ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ. ಎಂಬತ್ತರ ದಶಕದಲ್ಲಿ ಆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವಳಪ್ಪನ ಬ್ಯಾಂಡು ಮುಚ್ಚಿದಾಗ ಅನಾಥವಾದ ಒಂದಿಷ್ಟು ವಾದ್ಯಗಳನ್ನು ಅವಳು ಮಸ್ಕತ್ತಿಗೆ ತರಿಸಿ, ಕಂಪನಿಯ ಕ್ಯಾಂಪಿನ ಊಟದ ಹಾಲ್‌ನಲ್ಲಿ ಹದಿನಾರು ಜನರ ಬ್ಯಾಂಡು ಕಟ್ಟಿದ್ದಳು. ಗೋವಾದವರು, ಫಿಲಿಪಿನೊಗಳು, ಮಲಯಾಳಿಗಳು, ಮತ್ತು ಮಂಗಳೂರಿನ ವೆಲ್ಡರ್ ಎಲಿಯಾಸ್. ಎಲಿಯಾಸ್ ತುತ್ತೂರಿಯವನು, ಕೊಗ್ಗಣ್ಣನ ಗೆಳೆಯ.

ಬ್ಯಾಂಡಿನವರ ಹೆಸರು ಪಟ್ಟಿಯಲ್ಲಿ ಬರುತ್ತಿಲ್ಲ ಎಂದು ಮೊದಲು ಗಮನಿಸಿದ್ದು ಎಲಿಯಾಸನ ಹೆಂಡತಿ ರೋಸ್. ಆ ಸುದ್ದಿ ಕೊಗ್ಗಣ್ಣನ ಹೆಂಡತಿ ವಸಂತಿಯ ಕಿವಿಗೆ ಬಿದ್ದದ್ದೇ ತಡ, ಅವಳು ಗಂಡನನ್ನು ಹಿಡಿದು ಕೂರಿಸಿದಳು.

"ನಿಮ್ಗೆ ಊದ್ಲಿಕ್ಕೆ ಬರ್ತದೆ, ಅವಳಿಗೆ ಊದುವವರು ಬೇಕು. ಬರುವ ಮಾರ್ಚ್‌ವರೆಗೆ ಊದಿ. ಮತ್ತೆ ಬೇಕಾದ್ರೆ ಆ ಪೀಪಿಯನ್ನು ಸಮುದ್ರಕ್ಕೆ ಬಿಸಾಡಿ."

ಕೊಗ್ಗಣ್ಣ ಸ್ಯಾಕ್ಸೊಫೋನ್ ಹೊತ್ತುಕೊಂಡು ಹೋದ. ಎರಡು ನಿಮಿಷ ನುಡಿಸುವಷ್ಟರಲ್ಲಿ ಪ್ಯಾಟ್ರಿಷಿಯಾ ಕೈ ಎತ್ತಿ ನಿಲ್ಲಿಸಿ, ಈ ವಾದ್ಯಕ್ಕೆ ತನ್ನ ಬ್ಯಾಂಡಿನಲ್ಲಿ ಜಾಗವಿಲ್ಲ ಎಂದಳು. ಬರೆದ ಸ್ವರವನ್ನು ಹೀಗೆ ಜಗ್ಗಿ ಎಳೆದಾಡುವುದಕ್ಕೂ ಜಾಗವಿಲ್ಲ. ಆದರೆ ಉಸಿರು ಚೆನ್ನಾಗಿದೆ. ಹಾಗೆಂದು, ತೊಡೆಯ ಮೇಲೆ ತೊಟ್ಟಿಲಿನಷ್ಟು ಜಾಗ ಹಿಡಿಯುವ ಒಂದು ದೊಡ್ಡ ಹಿತ್ತಾಳೆ ವಾದ್ಯವನ್ನು ತಂದು ಅವನ ಮಡಿಲಿಗಿಟ್ಟಳು. ಅದರ ಹೆಸರು ಬಾಸ್. ಹಿಂದಿನ ಸಾಲು, ಮೂಲೆಯ ಕುರ್ಚಿ. ಉದ್ದುದ್ದ ಸ್ವರ, ಒಂದಾದ ಮೇಲೆ ಒಂದು, ತುಟಿ ಮರಗಟ್ಟುವ ತನಕ.

ಒತ್ತು! ಐವತ್ತೊಂದನೇ ವಯಸ್ಸಿನಲ್ಲಿ ಮತ್ತೆ ಒತ್ತು. ಕೊಗ್ಗಣ್ಣನಿಗೆ ಮೈಯೆಲ್ಲ ಉರಿಯಿತು. ಮಗಳ ಮುಖ ನೆನೆದು ಊದಿದ. ಎರಡು ತಿಂಗಳಲ್ಲಿ ತುಟಿ ಹೊಂದಿಕೊಂಡಿತು, ಮನಸ್ಸು ಹೊಂದಿಕೊಳ್ಳಲಿಲ್ಲ. ಅವನು ಒಂದು ಸ್ವರವನ್ನು ಚೂರು ಬಳುಕಿಸಿದರೂ ಸಾಕು, ಮೇಡಂ ಕೋಲಿನಿಂದ ಸ್ಟ್ಯಾಂಡ್ ಕುಟ್ಟುತ್ತಿದ್ದಳು. ತನ್ನ ಊರಿನಲ್ಲಿ ಒಬ್ಬನ ಸುತ್ತಿಗೆ ಲಯ ತಪ್ಪಿದರೆ ಪಕ್ಕದವನ ಬೆರಳು ಹೋಗುತ್ತಿತ್ತು, ಬ್ಯಾಂಡಿನಲ್ಲೂ ಅದೇ ಕಾನೂನು ಎನ್ನುತ್ತಿದ್ದಳು. ಅವನು ತುಳುವಿನಲ್ಲಿ ಏನೋ ಗೊಣಗುತ್ತಿದ್ದ. ಅರ್ಥ ಅವಳಿಗೆ ತಿಳಿಯುತ್ತಿರಲಿಲ್ಲ, ಭಾವ ಚೆನ್ನಾಗಿಯೇ ತಿಳಿಯುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬರೆ ಬಿತ್ತು. ಸ್ಟೋರ್‌ನಲ್ಲಿ ಇವನ ಕೈಕೆಳಗಿದ್ದ ಇಬ್ಬರನ್ನು ಊರಿಗೆ ಕಳಿಸಿದರು. ಇವನಿಗೆ ಹೊಸ ಗುರುತಿನ ಚೀಟಿ ಬಂತು, ಅದರಲ್ಲಿ ಸ್ಟೋರ್ ಕೀಪರ್ ಎಂದಿರಲಿಲ್ಲ, ಮೇಂಟೆನೆನ್ಸ್ ಸಹಾಯಕ ಎಂದಿತ್ತು. ಸಂಬಳ ಅದೇ, ಕೆಲಸ ಅದೇ, ಸ್ಟೋರ್‌ನ ಬೀಗದ ಕೈಯೂ ಇವನ ಹತ್ತಿರವೇ. ಹೆಸರು ಮಾತ್ರ ಇಳಿಯಿತು. ಹದಿನೆಂಟು ವರ್ಷ ಕಟ್ಟಿದ ಸ್ಟೋರ್ ಅದು, ಯಾವ ನಟ್ಟು ಯಾವ ಡಬ್ಬದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವನನ್ನು ಸಹಾಯಕ ಎನ್ನುವುದೇ? ಮೇಡಂ ಹತ್ತಿರ ಕೇಳಿದರೆ ತಲೆ ಎತ್ತದೆ, ಚೀಟಿ ಜೇಬಿನಲ್ಲಿಟ್ಟುಕೊಂಡು ಬಾಯಿ ಮುಚ್ಚಿಕೊಂಡಿರು ಎಂದಳು. ಹೆಸರು ಎಂತದಾದರೆ ಎಂತ, ಸುಮ್ಮನಿರಿ ಕೊಗ್ಗಣ್ಣ ಎಂದು ಎಲಿಯಾಸನೂ ಹೇಳಿದ. ಸುಮ್ಮನಿರುವುದೊಂದು ಕಲೆ, ಅದು ಶೇರಿಗಾರರ ಮನೆತನದಲ್ಲಿ ಯಾರಿಗೂ ಒಲಿದಿರಲಿಲ್ಲ.

ಡಿಸೆಂಬರ್ ನಡುವಿನಲ್ಲಿ ಕಂಪನಿಯ ವಾರ್ಷಿಕ ಕೂಟ, ಕುರುಮ್‌ನ ಒಂದು ಹೋಟೆಲಿನ ಹುಲ್ಲುಹಾಸಿನ ಮೇಲೆ. ಮಾಲೀಕ ಶೇಖ್ ಬರುವವರು, ಹಣಕಾಸಿನ ಮುಖ್ಯಸ್ಥ ಬಾದುಶಾ ಬರುವವನು. ಈ ಬಾದುಶಾ ಎಂಬವನು ಯಾವ ಹುದ್ದೆ ಕತ್ತರಿಸಬಹುದೆಂದು ಮೂಸಿ ಕಂಡುಹಿಡಿಯುವುದರಲ್ಲಿ ನಿಸ್ಸೀಮ. ಬ್ಯಾಂಡಿಗೆ ಅಂದು ಪ್ಯಾಟ್ರಿಷಿಯಾಳ ಊರಿನ ಒಂದು ಹಳೆಯ ಹಾಡು, ನಡುವಿನಲ್ಲಿ ಎಲಿಯಾಸನ ತುತ್ತೂರಿ ಒಂಟಿಯಾಗಿ ಏಳಬೇಕು. ಕೊಗ್ಗಣ್ಣನ ಪಾಲಿಗೆ ಎಂದಿನಂತೆ ಮೂಲೆಯ ಕುರ್ಚಿ, ಉದ್ದ ಸ್ವರ.

ಆ ಹಾಡು ಶಂಕರಾಭರಣಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ ಎಂದು ಅವನು ತಿಂಗಳುಗಳ ಹಿಂದೆಯೇ ಕಂಡುಕೊಂಡಿದ್ದ. ಅಂದು ಸ್ಯಾಕ್ಸೊಫೋನನ್ನು ಕುರ್ಚಿಯ ಕೆಳಗೆ ತಂದಿಟ್ಟುಕೊಂಡಿದ್ದ. ಶೇಖ್ ನೋಡಲಿ, ಹದಿನೆಂಟು ವರ್ಷದಿಂದ ತನ್ನ ಕಂಪನಿಯಲ್ಲಿ ಎಂಥವನಿದ್ದಾನೆ ಎಂದು ಅರಿಯಲಿ. ಅರಿತ ಮೇಲೆ ಯಾವ ಮೇಡಂ ತನ್ನನ್ನು ಏನು ಮಾಡಿಯಾಳು?

ಎಲಿಯಾಸ್ ಎದ್ದು ನಾಲ್ಕು ಸ್ವರ ಊದಿದ್ದಷ್ಟೇ, ಕೊಗ್ಗಣ್ಣ ಬಾಸನ್ನು ಹುಲ್ಲಿನ ಮೇಲಿಟ್ಟು, ಸ್ಯಾಕ್ಸೊಫೋನ್ ಎತ್ತಿಕೊಂಡು ನಿಂತ. ತಳ ಕಳಚಿದ ಬ್ಯಾಂಡು ಓಲಾಡಿತು. ಎಲಿಯಾಸ್ ಬೆಚ್ಚಿ ತುತ್ತೂರಿ ಇಳಿಸಿದ. ಉಳಿದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಪ್ಯಾಟ್ರಿಷಿಯಾಳ ಕೈ ಗಾಳಿಯಲ್ಲೇ ಉಳಿಯಿತು, ಆಮೇಲೆ ಇಳಿಯಿತು. ಕೊಗ್ಗಣ್ಣ ನುಡಿಸಿದ. ನಿಜ ಹೇಳಬೇಕು, ಬಹಳ ಚೆನ್ನಾಗಿ ನುಡಿಸಿದ. ಆ ಉಕ್ಕಿನೂರಿನ ಹಾಡನ್ನು ಹಿಡಿದು ಎಳೆದ, ಬಳುಕಿಸಿದ, ತನ್ನ ದೇವಸ್ಥಾನದ ಅಂಗಳಕ್ಕೆ ಕರೆದೊಯ್ದು ಕುಣಿಸಿದ. ಮುಗಿದಾಗ ಹುಲ್ಲುಹಾಸಿನಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಶೇಖ್ ಕೈಬೀಸಿ ಕರೆದರು. ಭುಜ ತಟ್ಟಿ, ತಮಗೆ ಬರುವ ಹಿಂದಿಯಲ್ಲಿ ಎಲ್ಲಿ ಕೆಲಸ ಎಂದು ಕೇಳಿದರು.

"ಕಿದರ್ ಕಾಮ್ ಕರ್ತಾ ಹೈ?"

ಜೇಬಿನಲ್ಲಿ ಸಹಾಯಕನೆಂಬ ಚೀಟಿ ಇತ್ತು. ಪಕ್ಕದಲ್ಲಿ ಬಾದುಶಾ ಇದ್ದ. ನಾಲ್ಕು ಹೆಜ್ಜೆ ಹಿಂದೆ ಪ್ಯಾಟ್ರಿಷಿಯಾ ಇದ್ದಳು, ಅವಳಿಗೂ ಕೇಳಿಸಲಿ ಎಂದು ಕೊಗ್ಗಣ್ಣ ದನಿ ಎತ್ತಿಯೇ ಹೇಳಿದ.

"ಸ್ಟೋರ್ ಕೀಪರ್, ಶೇಖ್. ಅಟ್ಠಾರಾ ಸಾಲ್."

ಶೇಖ್ ನಗುನಗುತ್ತಲೇ ಬಾದುಶಾನ ಕಡೆ ತಿರುಗಿ, ಸ್ಟೋರ್ ಮುಗಿಸಿ ಆಯಿತು ಎಂದಿದ್ದೆಯಲ್ಲ ಎಂದು ಕೇಳಿದರು. "ಸ್ಟೋರ್ ತೋ ಖಲಾಸ್ ಕಿಯಾ ಬೋಲಾ ಥಾ?"

ಬಾದುಶಾ ನಗಲಿಲ್ಲ. ಫೋನ್ ತೆಗೆದು ಏನನ್ನೋ ಗುರುತು ಹಾಕಿಕೊಂಡ. ಕೊಗ್ಗಣ್ಣ ಅದನ್ನು ನೋಡಿದ, ಆದರೆ ಚಪ್ಪಾಳೆಯ ಅಮಲು ಇನ್ನೂ ಇಳಿದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಭಾನುವಾರ ಬೆಳಿಗ್ಗೆ ಪ್ಯಾಟ್ರಿಷಿಯಾ ಕರೆಸಿದಳು. ಕೂರಲು ಹೇಳಲಿಲ್ಲ. ಮೇಜಿನ ಮೇಲೆ ಒಂದು ಪತ್ರ ಇತ್ತು, ಜನವರಿ ಮೂವತ್ತೊಂದು ಕೊನೆಯ ದಿನ. ಅವನು ಓದಿ ಮುಗಿಸುವ ತನಕ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಸ್ಟೋರ್‌ನ ಹುದ್ದೆಗಳನ್ನೆಲ್ಲ ತೆಗೆಯಬೇಕೆಂದು ಬಾದುಶಾ ಸೆಪ್ಟೆಂಬರ್‌ನಲ್ಲೇ ಆದೇಶ ತಂದಿದ್ದನಂತೆ, ಮೂವರೂ ಹೋಗಬೇಕಿತ್ತಂತೆ. ಅವಳು ಇಬ್ಬರನ್ನು ಕಳಿಸಿ, ಮೂವರೂ ಹೋದರೆಂದು ಕಾಗದದಲ್ಲಿ ತೋರಿಸಿ, ಇವನನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿದ್ದಳಂತೆ. ಶೇಖ್‌ನ ಕಣ್ಣಿಗೆ ಬೀಳದಿರಲೆಂದೇ ಬ್ಯಾಂಡಿನಲ್ಲೂ ಮೂಲೆಯ ಕುರ್ಚಿಯಿಂದ ಎಬ್ಬಿಸಿರಲಿಲ್ಲವಂತೆ.

ಕೊಗ್ಗಣ್ಣ ಪತ್ರವನ್ನು ಮಡಚಿದ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದ.

"ನೀನು ಒಳ್ಳೆಯವನೆಂದು ಉಳಿಸಿಕೊಂಡೆ ಎಂದು ತಿಳಿದುಕೊಳ್ಳಬೇಡ. ನಿನ್ನನ್ನು ಕಂಡರೆ ನನಗೆ ಆಗುವುದಿಲ್ಲ," ಎಂದಳು ಪ್ಯಾಟ್ರಿಷಿಯಾ. "ನಮ್ಮಲ್ಲಿ ಬಾಸ್ ಊದುವವನನ್ನು ಕಾರ್ಖಾನೆ ಬಿಟ್ಟುಕೊಡುತ್ತಿರಲಿಲ್ಲ. ಬಾಸ್ ಊದುತ್ತಿದ್ದ ನನ್ನ ಅಪ್ಪನನ್ನು ಕುಲುಮೆಯಿಂದ ತೆಗೆದು ಸ್ಟೋರ್‌ನಲ್ಲಿ ಕೂರಿಸಿದ್ದು ಅದಕ್ಕೇ. ತುತ್ತೂರಿಯವರು ರಸ್ತೆಗೊಬ್ಬರು ಸಿಗುತ್ತಾರೆ, ಅಪ್ಪನಂಥ ಉಸಿರು ಸಿಗುವುದಿಲ್ಲ. ನಿನ್ನದು ಹಾಗಿತ್ತು."

ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲ ಎಂದ ಕೊಗ್ಗಣ್ಣ. ಹೇಳಿದ್ದರೆ ಮಧ್ಯಾಹ್ನದೊಳಗೆ ಇಡೀ ದಾರ್ಸೈಟ್‌ಗೆ ಗೊತ್ತಾಗುತ್ತಿತ್ತು ಎಂದಳು. ಅದು ಸುಳ್ಳೇನೂ ಅಲ್ಲ. ಸ್ಟೋರ್ ಕೀಪರ್ ಎಂದು ಶೇಖ್‌ಗೆ ಹೇಳಿದ್ದು ತಾನಲ್ಲ ಎಂದೂ ಸೇರಿಸಿದಳು. ಆಮೇಲೆ ಕೈ ಚಾಚಿ, ಬಾಸ್‌ಗೆ ಬಾಯಿಟ್ಟು ಊದುವ ತುಂಡು ನಿನ್ನ ಹತ್ತಿರ ಇದೆಯಲ್ಲ, ನಾಳೆ ತಂದುಕೊಡು ಎಂದಳು. ಅವನಿಗೆ ಆಗ ಅವಳನ್ನು ಕೊಂದೇ ಬಿಡುವಷ್ಟು ಸಿಟ್ಟು ಬಂತು, ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂಬ ಕಾರಣಕ್ಕೆ.

ಸಂಜೆ ಮನೆ ತಲುಪಿದಾಗ ದೀಕ್ಷಿತಾ ಮೊಬೈಲ್ ಹಿಡಿದು ಬಾಗಿಲಿಗೇ ಬಂದಳು. ಯಾರೋ ಕೂಟದ ವಿಡಿಯೋ ಹಾಕಿದ್ದರು, ಅದು ಅವಳ ಶಾಲೆಯ ಗುಂಪಿಗೂ ತಲುಪಿತ್ತು. ಅಪ್ಪ ಎದ್ದು ನಿಲ್ಲುವುದು, ನುಡಿಸುವುದು, ಜನ ಎದ್ದು ಚಪ್ಪಾಳೆ ತಟ್ಟುವುದು ಎಲ್ಲ ಇತ್ತು. ಶೇಖ್ ಮಾತಾಡಿಸುವ ಮೊದಲೇ ವಿಡಿಯೋ ಮುಗಿದಿತ್ತು.

ಕೊಗ್ಗಣ್ಣ ಪತ್ರವನ್ನು ಊಟದ ಮೇಜಿನ ಮೇಲಿಟ್ಟ. ವಸಂತಿ ಎರಡು ಸಲ ಓದಿದಳು. ಜನವರಿ ಮೂವತ್ತೊಂದು ಎಂಬಲ್ಲಿ ಬೆರಳಿಟ್ಟುಕೊಂಡೇ ಕೂತಳು. ಅಷ್ಟು ಚೆಂದ ನುಡಿಸಿದ ಎರಡೇ ದಿನಕ್ಕೆ ಹೀಗೆ ಯಾರು ಮಾಡಿದ್ದು ಎಂದು ಕೇಳಿದಳು. ಹೇಳಲು ಅವನಿಗೆ ಅವಕಾಶವಿತ್ತು. ನನ್ನ ಬಾಯಿಂದಲೇ ಹೋಯಿತು ಎಂದು ಮೂರು ಶಬ್ದ ಸಾಕಿತ್ತು. ನಾಚಿಕೆ ಬಿಡಲಿಲ್ಲ.

"ಅವಳೇ," ಎಂದ.

ವಸಂತಿ ಬಾಯಿಗೆ ಬಂದ ಹಾಗೆ ಶಪಿಸಿದಳು. ಆ ಹೆಂಗಸಿನ ವಂಶವನ್ನು, ಅವಳ ಊರನ್ನು, ಅವಳ ಪೀಪಿಗಳನ್ನು ಒಂದನ್ನೂ ಬಿಡಲಿಲ್ಲ. ಅವನು ತಡೆಯಲಿಲ್ಲ. ದೀಕ್ಷಿತಾ ಭೌತಶಾಸ್ತ್ರದ ಪುಸ್ತಕ ಮುಚ್ಚಿಟ್ಟು, ಅಪ್ಪನ ಪಕ್ಕ ಬಂದು ಕೂತು ಅವನ ಕೈ ಹಿಡಿದುಕೊಂಡಳು.

"ಐ ವಿಲ್ ನೆವರ್ ಫರ್ಗಿವ್ ಹರ್, ಪಪ್ಪಾ."

"ಬೇಡ ಮಗಾ," ಎಂದ ಕೊಗ್ಗಣ್ಣ. "ಕ್ಷಮಿಸುದು ಬೇಡ."