ಅವ್ವನ ಮಾತು ತುಂಬಿದ ಪರದೇಶದ ಕ್ಯಾಸೆಟ್ಟು

ಆ ಹಾಡುಗಾರ್ತಿಯ ಹೊಟ್ಟೆ ತಣ್ಣಗಿರಲಿ. ಅವಳ ಮುಖ ನಾನು ಕಂಡದ್ದು ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಮಾತ್ರ. ತನ್ನ ದೇಶದಲ್ಲಿ ಪಿಟೀಲು, ಗಿಟಾರು ಇಟ್ಟುಕೊಂಡು ಹಳ್ಳಿಗಾಡಿನ ಹಾಡು ಹೇಳಿ ಹೆಸರು ಮಾಡಿದ್ದಳಂತೆ. ಈ ಆಲ್ಬಂನಲ್ಲಿ ಮಾತ್ರ ಪಿಟೀಲು ಬಿಟ್ಟು, ಡ್ರಮ್ಮು ಬಡಿಸಿ ಪಾಪ್ ರಾಕ್ ಮಾಡಿದ್ದಳು. ಅದನ್ನು ಅವಳ ದೇಶದವರಿಗಿಂತ ಹೆಚ್ಚಾಗಿ ಹೊರದೇಶದವರಿಗೇ ಬಿಡುಗಡೆ ಮಾಡಿದ್ದರು. ಇದನ್ನೆಲ್ಲ ನನಗೆ ಹೇಳಿದವರು ಭಾವ, ಅಂದರೆ ಅಕ್ಕನ ಗಂಡ. ವಿಶಾಖಪಟ್ಟಣದಲ್ಲಿ ನೌಕಾಪಡೆಯಲ್ಲಿದ್ದರು. ಹಡಗು ಯಾವುದೋ ದೂರದ ಬಂದರಿಗೆ ಹೋದಾಗ ಕೊಂಡು ತಂದದ್ದು. "ಊರ ಬಿಟ್ಟವರಿಗಂತನ ಮಾಡಿದ ಹಾಡ ನೋಡ ಇವು," ಎನ್ನುತ್ತಿದ್ದರು. ತಿಂಗಳುಗಟ್ಟಲೆ ನೀರಿನ ಮೇಲಿದ್ದಾಗ ಅವರಿಗೆ ಅದೇ ಸಂಗಾತಿ.

ನಾನು ವಿಜಯವಾಡದಲ್ಲಿ ಬ್ಯಾಂಕಿನ ಕ್ಲಾರ್ಕು. ತೊಂಬತ್ತರ ದಶಕದ ಮೊದಲ ವರ್ಷಗಳು. ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿಕೊಂಡು ವಾರದಲ್ಲಿ ವಾಪಸು ಕೊಡುತ್ತೇನೆಂದು ಕಾಡಿ ಬೇಡಿ ಅದನ್ನು ತಂದೆ. "ಜ್ವಾಕಿ," ಎಂದರು ಭಾವ. "ನನಗೇನು ಬುದ್ಧಿ ಇಲ್ಲೇನ್ರಿ?" ಎಂದು ಸಿಡುಕಿದೆ. ಎಷ್ಟು ಬುದ್ಧಿ ಇತ್ತೆಂಬುದು ಆ ವಾರದಲ್ಲೇ ಗೊತ್ತಾಯಿತು.

ಗದಗಿನಲ್ಲಿದ್ದ ನಮ್ಮವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಪತ್ರ ಬರೆದರೆ ಯಾರಾದರೂ ಓದಿ ಹೇಳಬೇಕು, ಓದಿದವರು ಓಣಿಗೆಲ್ಲ ಡಂಗುರ ಸಾರುತ್ತಿದ್ದರು. ಅದಕ್ಕೇ ನಾನು ಒಂದು ಹಳೆಯ ಹಾಡಿನ ಕ್ಯಾಸೆಟ್ಟಿನ ಮೇಲೆ ಮಾತು ತುಂಬಿ, ಬಟ್ಟೆಯಲ್ಲಿ ಹೊಲಿದು ಅಂಚೆಗೆ ಹಾಕುತ್ತಿದ್ದೆ. ಅವ್ವ ಕೇಳಿಸಿಕೊಂಡು, ಅದರ ಮೇಲೆಯೇ ತನ್ನ ಮಾತು ತುಂಬಿ ಕಳಿಸುತ್ತಿದ್ದಳು. ಅಂಗಡಿಯ ಹಾಡಿನ ಕ್ಯಾಸೆಟ್ಟನ್ನು ಯಾರೂ ಅಳಿಸಬಾರದೆಂದು ಅದರ ಬೆನ್ನಿಗೆ ಎರಡು ಕಿಂಡಿ ಬಿಟ್ಟಿರುತ್ತಾರೆ, ಬದಿಗೊಂದು. ಆ ಕಿಂಡಿಗೆ ಕಾಗದದ ಉಂಡೆ ತುರುಕಿದರೆ ಮುಗಿಯಿತು, ರೆಕಾರ್ಡ್ ಬಟನ್ ತೆಪ್ಪಗೆ ಒಳಗೆ ಕೂರುತ್ತದೆ, ಹಾಡಿನ ಮೇಲೆ ಮಾತು ತುಂಬಬಹುದು. ಈ ವಿದ್ಯೆಯನ್ನು ಅವ್ವನಿಗೆ ಕಲಿಸಿದ ಜಾಣೆ ನಾನೇ.

ಒಂದು ಬೆಳಿಗ್ಗೆ ಬ್ಯಾಂಕಿಗೆ ಹೊತ್ತಾಗಿತ್ತು, ಕರೆಂಟು ಬೇರೆ ಹೋಗಿತ್ತು. ಸಿಟ್ಟಿನಲ್ಲಿ ಕೈಗೆ ಸಿಕ್ಕ ಕ್ಯಾಸೆಟ್ಟನ್ನು ಸಿಕ್ಕ ಡಬ್ಬಿಗೆ ಹಾಕಿ, ಹೊಲಿದು, ಅಂಚೆಗೆ ಕೊಟ್ಟು ಓಡಿದೆ. ಸಂಜೆ ಭಾವನ ಡಬ್ಬಿ ತೆರೆದು ಟೇಪಿಗೆ ಹಾಕಿದರೆ ನನ್ನದೇ ದನಿ: "ಅವ್ವಾ, ಆರಾಮ ಅದೀಯಾ?" ಭಾವನ ಕ್ಯಾಸೆಟ್ಟು ಗದಗಿನ ದಾರಿ ಹಿಡಿದಿತ್ತು.

ಅವ್ವನ ಮನೆಯಲ್ಲಿ ಫೋನಿಲ್ಲ. ಆ ಕ್ಯಾಸೆಟ್ಟನ್ನು ಮುಟ್ಟಬೇಡವೆಂದು ಬರೆದ ಕಾಗದ ತಲುಪುವ ಮೊದಲೇ ಅದು ವಾಪಸು ಬಂತು. ಒಂದು ಬದಿಯ ಕಿಂಡಿಯಲ್ಲಿ ಕಾಗದದ ಉಂಡೆ. ಟೇಪಿಗೆ ಹಾಕಿ ಕೇಳಿದೆ. ಅವ್ವ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಅಷ್ಟು ಕೇಳಿಯೇ ಆರಿಸಿಬಿಟ್ಟೆ. ವಿಜಯವಾಡದ ಕ್ಯಾಸೆಟ್ಟಿನ ಅಂಗಡಿಗಳನ್ನೆಲ್ಲ ಸುತ್ತಿದೆ. "ಇದಿ ಇಕ್ಕಡ ದೊರಕದಮ್ಮಾ," ಇಲ್ಲಿ ಇದು ಸಿಗುವುದೇ ಇಲ್ಲ ಎಂದು ಎಲ್ಲರದೂ ಒಂದೇ ರಾಗ.

ಭಾನುವಾರ ವಿಶಾಖಪಟ್ಟಣದ ಗಾಡಿ ಹತ್ತಿದೆ. ಊರು ಇನ್ನೇನು ಬಂತು ಎನ್ನುವಾಗ ದುವ್ವಾಡ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು, ಇಳಿದು ಹಿಂದಕ್ಕೆ ಹೋಗಿಬಿಡಲೇ ಎನಿಸಿತು. ಅವರ ಮನೆಯಲ್ಲಿ ವಿಷಯ ಹೇಳಿದೊಡನೆ ಅಕ್ಕ, "ಮಂಗ್ಯಾನ ಕೈಯಾಗ ಮಾಣಿಕ ಕೊಟ್ರ ಇನ್ನೇನಾಕ್ಕೇತಿ!" ಎಂದು ಹರಿಹಾಯ್ದಳು. ಭಾವನ ಮುಖ ಸಣ್ಣದಾಯಿತು. ಕ್ಯಾಸೆಟ್ಟು ಇಸಿದುಕೊಂಡು ಟೇಪಿಗೆ ಹಾಕಿದರು. ಬೈದಿದ್ದರೇ ಚೆನ್ನಾಗಿತ್ತು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಮುಂದೆ ನಿಂತು ಮಾತಾಡುವುದಿಲ್ಲ. ಅಕ್ಕನ ಮದುವೆಯಾಗಿ ಎಂಟು ವರ್ಷವಾಗಿದ್ದರೂ ಅವ್ವ ತಲೆ ಮೇಲೆ ಸೆರಗು ಹೊದ್ದು, ಬಾಗಿಲ ಹಿಂದಿನಿಂದ ನಮಗೆ ಹೇಳುತ್ತಿದ್ದಳು: "ನೀರ ಕಾದಾವ ಅಂತ ಹೇಳ ಅವರಿಗೆ." ಭಾವ ಕೇಳಿದ್ದ ದನಿ ಅಷ್ಟೇ.

ಟೇಪಿನಲ್ಲಿ ಅವ್ವ ಕೆಮ್ಮಿದಳು. "ಅಳಿಯಾರ, ಶರಣ್ರಿ. ಪರದೇಶದ ಹಾಡ ಅಂತ ಬಾಜೂ ಮನಿಯಾಕಿ ಹೇಳಿದ್ಲು. ಹಂಗಾರ ಸಣ್ಣಾಕಿ ಕೈಲೆ ನೀವ ಕಳಿಸೀರಿ ಅಂತ ಗೊತ್ತಾತು. ಪೂರಾ ಕೇಳಿದ್ನಿ. ಆಕಿ ದನಿ ನಮ್ಮ ಬೀಸೂಕಲ್ಲಿನ ಪದ ಹಾಡೂ ಹೆಣಮಕ್ಕಳ ದನಿ ಹಂಗ ಐತಿ. ಛಲೋ ಹಾಡ್ತಾಳ. ಡಬಡಬ ಬಡಿಯೂದಷ್ಟ ಕಡಿಮಿ ಮಾಡಂತ ಹೇಳ್ರಿ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಭಾವನೂ ನಕ್ಕರು. ನನಗೆ ಅರ್ಧ ಜೀವ ಬಂತು.

"ಮಾರಿ ಕಾಣೂದಿಲ್ಲಲ್ಲ, ಅದಕ್ಕ ಹೇಳ್ತೀನ್ರಿ," ಅವ್ವ ಮುಂದುವರಿಸಿದಳು. "ನಿಮ್ಮ ತಾಯಿ ಹ್ವಾದಾಗ ನೀವು ಹಡಗದಾಗ ಇದ್ರಿ. ಮಣ್ಣಿಗೂ ಬರಾಕ ಆಗಲಿಲ್ಲ. ಆಮ್ಯಾಲ ನೀವು ಬಂದು ಪಡಸಾಲ್ಯಾಗ ಕುಂತಾಗ ನಾ ಬಾಗಲ ಹಿಂದ ನಿಂತು ಅತ್ನಿ. ಹೊರಗ ಬಂದು ಒಂದು ಮಾತು ಆಡಬೇಕಿತ್ರಿ. ಆಡಲಿಲ್ಲ. ಅದು ನನ್ನ ಹೊಟ್ಯಾಗ ಹಂಗ ಉಳದೈತಿ."

ಆಮೇಲೆ ಮೆಣಸಿನಕಾಯಿ, ಎಮ್ಮೆ, ಮೊಮ್ಮಗಳು ಎಂದು ಏನೇನೋ ಹೇಳಿದಳು. ಭಾವ ತಲೆ ತಗ್ಗಿಸಿ ಕೂತೇ ಇದ್ದರು, ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇವತ್ತಿಗೂ ನಾನು ಅವರನ್ನು ನೆನೆದು ಕೈಮುಗಿಯುತ್ತೇನೆ, ನನ್ನ ಅಚಾತುರ್ಯವನ್ನು ಅವರು ಎಂದೂ ಎತ್ತಿ ಆಡಲಿಲ್ಲ. ನನ್ನ ದುಡುಕಿನಿಂದ ಒಬ್ಬರಿಗೆ ಒಳ್ಳೆಯದಾಯಿತಲ್ಲ, ಅದು ದೇವರು ದೊಡ್ಡವನು ಅಷ್ಟೇ.

ಆದರೂ ಆ ಹೊತ್ತಿಗೆ ಸಮಾಧಾನ ಮಾಡಬೇಕೆಂದು, "ಇನ್ನೊಂದು ಬದಿ ಹಾಡು ಹಂಗ ಅದಾವ್ರಿ ಭಾವ, ಅಷ್ಟಾದ್ರೂ ಉಳೀತು," ಎಂದೆ.

ಭಾವ ಕ್ಯಾಸೆಟ್ಟು ಹೊರತೆಗೆದರು. ಮೇಜಿನ ಮೇಲಿದ್ದ ಪೇಪರಿನ ಮೂಲೆ ಹರಿದು, ಉಂಡೆ ಮಾಡಿ, ಇನ್ನೊಂದು ಕಿಂಡಿಗೆ ತುರುಕಿದರು. ಬದಿ ತಿರುಗಿಸಿ ಹಾಕಿ, ರೆಕಾರ್ಡ್ ಬಟನ್ ಒತ್ತಿದರು. ಟೇಪು ಓಡುತ್ತಿತ್ತು, ಉಳಿದಿದ್ದ ಹಾಡುಗಳೂ ಅಳಿಸಿಹೋಗತೊಡಗಿದ್ದವು. ಆಮೇಲೆ ಮೈಕಿನ ಹತ್ತಿರ ಬಾಗಿ, "ಅವ್ವಾ," ಎಂದರು.